ಕಾಳು ಹೆಣಿಗೆಯ ಅಂಗಿ

ಜೈಲಿನ ಬಾಗಿಲಲ್ಲಿ ಜಮಾದಾರ ಕೌದಿಯ ಹೊಲಿಗೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದ. ಒಳಗಿನ ಹಳೆಯ ಸೀರೆಯ ಪದರುಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದ. ಬಚ್ಚಿಟ್ಟ ಚೀಟಿ ಇರಲಿಲ್ಲ. ಆದರೂ ಹರಿದ ಕೌದಿಯನ್ನು ಕಸ್ತೂರಿಬಾಯಿಯ ಕೈಗೇ ತಿರುಗಿ ಕೊಟ್ಟ.

"ಪದರಿನ ಬಟ್ಟಿ ಒಳಗ ಹೋಗಂಗಿಲ್ಲಮ್ಮ. ಹೊರಗಿನ ಕಂಬಳಿನೂ ಬ್ಯಾಡ, ಕಂಬಳಿ ಸರಕಾರದ್ದೇ ಕೊಡ್ತೇವಿ. ಮೈಮ್ಯಾಲ ಹಾಕ್ಕೊಳ್ಳೋದು ಒಂದು ತರ್ರಿ. ಒಂದೇ ಪದರ. ಅಸ್ತರ ಕಂಡ್ರ ಅದಕ್ಕೂ ಇದೇ ಗತಿ."

"ಯಾವಾಗ ತರಬೇಕ್ರಿ?"

"ಮುಂದಿನ ಮುಲಾಖತ್ತಿಗೆ. ತಿಂಗಳಿಗೊಂದೇ ಭೆಟ್ಟಿ."

ಅವಳ ಗಂಡ ಜಗದೇವಪ್ಪ ದೀಪಾವಳಿಯ ಹಿಂದಿನ ವಾರ ಏಳು ಜನರ ಜೊತೆ ಸೇರಿ ಆಳಂದದ ಹಳ್ಳದ ದಂಡೆಯ ಸಿಂದಿ ಗಿಡಗಳನ್ನು ಕಡಿದು ಹಾಕಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರು ತಿಂಗಳಾಗಿತ್ತು. ನಿಜಾಮರ ಸೀಮೆಗೆ ಬಂದಿರಲಿಲ್ಲ. ಸಿಂದಿಯ ಹೆಂಡದ ಹುಟ್ಟುವಳಿ ನಿಜಾಮರ ಬೊಕ್ಕಸಕ್ಕೆ ಹೋಗುತ್ತದೆಂದು ಗಿಡ ಕಡಿದವರಿಗೆ ಆರು ತಿಂಗಳ ಸಜೆಯಾಯಿತು. ಆರು ತಿಂಗಳು ದೊಡ್ಡದಲ್ಲ. ಆದರೆ ಜಗದೇವಪ್ಪನ ಎದೆ ಚಿಕ್ಕಂದಿನಿಂದಲೂ ಥಂಡಿ ತಡೆಯುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ಅವನ ತಾಯಿ ಸುಭದ್ರಾಬಾಯಿ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುತ್ತಿದ್ದಳು. ಇನ್ನೊಮ್ಮೆ ಥಂಡಿ ಎದೆಗೆ ಇಳಿದರೆ ನನ್ನ ಕೈಯಲ್ಲಿ ಏನೂ ಇಲ್ಲವೆಂದು ಹೋದ ವರ್ಷವೇ ಡಾಕ್ಟರು ಹೇಳಿದ್ದರು. ಈಗ ಅವನು ಬರಿ ಕಲ್ಲುಹಾಸಿನ ಮೇಲೆ ಮಲಗುತ್ತಿದ್ದ.

ಹರಿದ ಕೌದಿಯನ್ನು ನೋಡಿ ಸುಭದ್ರಾಬಾಯಿ ಅಳಲಿಲ್ಲ. ಸೊಸೆಯನ್ನು ಕೂಡಿಸಿಕೊಂಡು ಜಮಾದಾರನ ಮಾತನ್ನು ಎರಡು ಸಲ ಹೇಳಿಸಿದಳು. ಒಂದೇ ಪದರ, ಅಸ್ತರ ಇರಬಾರದು, ಬೆಚ್ಚಗಿರಬೇಕು. ಆಳಂದದ ಪ್ಯಾಟಿಯಲ್ಲಿ ಅಂಥ ಅಂಗಿ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಮಾಸ್ತರ ಹೆಣತಿ ಹತ್ರ ಒಂದು ಉದ್ದನ ಕಡ್ಡಿ ಅದ," ಎಂದಳು ಸುಭದ್ರಾಬಾಯಿ. "ಅದರಿಂದ ಆಕಿ ಒಮ್ಮೆ ಹಾಸಗಿಮ್ಯಾಗಿಂದು ಹೆಣದಿದ್ಳು. ಹೋಳಿಗಿಯಷ್ಟು ದಪ್ಪ ಇತ್ತು. ಹೋಗಿ ಕಲ್ತು ಬಾ."

ಜಹೀರುದ್ದೀನ ಮಾಸ್ತರರು ಉರ್ದು ಶಾಲೆಯಲ್ಲಿ ಕಲಿಸುತ್ತಿದ್ದರು. ಮನೆ ಎರಡು ಓಣಿ ಆಚೆ. ಕಸ್ತೂರಿ ಹೊರಡುವಾಗ ಪಕ್ಕದ ಮನೆಯ ಗೌರಾಬಾಯಿ ಕಟ್ಟೆಯ ಮೇಲಿಂದ ಕೇಳಿಸಿಯೇ ಅಂದಳು: "ಇಂಥಾ ದಿನದಾಗ ಅವರ ಮನಿಗಿ ಯಾಕ ಕಳಸ್ತಿ ಸುಭದ್ರಕ್ಕ? ಮಂದಿ ಏನಂತಾರ?"

"ನನ್ನ ಮಗನ ಎದಿ ಮಂದಿ ಬಂದು ಕಾಸ್ತಾರೇನು?" ಎಂದಳು ಸುಭದ್ರಾಬಾಯಿ. "ಇಲ್ಲಾ ನೀ ಹೋಗಿ ಕಾಸ್ತಿಯೋ?"

ಗೌರಾಬಾಯಿ ಒಳಗೆ ಹೋದಳು.

ನೂಲು ಬೀರಲಿಂಗಪ್ಪನದು. ಪ್ರತಿ ಚಳಿಗಾಲ ಜೇವರ್ಗಿಯ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಇವರ ಹೊಲದಲ್ಲಿ ಹಿಂಡು ನಿಲ್ಲಿಸುತ್ತಿದ್ದ. ಜಗದೇವಪ್ಪನಿಗೆಂದು ಕೇಳಿದ ಕೂಡಲೇ ಕಂಬಳಿಗೆ ತೆಗೆದಿಟ್ಟ ಕರಿ ನೂಲಿನ ಉಂಡೆಗಳನ್ನು ತಂದು ಪಡಸಾಲೆಯಲ್ಲಿ ಸುರಿದ. ಒರಟು ನೂಲು. ಕುರಿಯ ಜಿಡ್ಡು ಇನ್ನೂ ಹೋಗಿರಲಿಲ್ಲ.

ಮಾಸ್ತರರ ಹೆಂಡತಿ ಅಮೀರುನ್ನಿಸಾ ಉಂಡೆಯನ್ನು ಮೂಸಿ ನೋಡಿ ನಕ್ಕಳು. "ಕುರಿನೇ ತಂದೀಯಲ್ಲ ಬೇ! ಇರ್ಲಿ, ಜಿಡ್ಡಿದ್ರ ಛಲೋ. ಥಂಡಿ ಹಿಡಿಯಂಗಿಲ್ಲ." ನಲವತ್ತು ದಾಟಿದ ಹೆಂಗಸು. ಚಿಕ್ಕವಳಿದ್ದಾಗ ಹೈದರಾಬಾದಿನ ಶಾಲೆಯಲ್ಲಿ ಒಬ್ಬ ಮೇಮ್ ಅವಳಿಗೆ ಇದನ್ನು ಕಲಿಸಿದ್ದಳು. ಕಸ್ತೂರಿ ಅವಳನ್ನು ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎಂದು ಕರೆದಳು.

ಕಡ್ಡಿ ಒಂದು ಮೊಳ ಉದ್ದವಿತ್ತು. ಒಂದು ತುದಿಗೆ ಕೊಕ್ಕೆ, ಇನ್ನೊಂದಕ್ಕೆ ಕುಣಿಕೆಗಳು ಜಾರಿ ಹೋಗದಂತೆ ಹುಣಸೆಬೀಜದಷ್ಟು ಗುಂಡು. ಸಾಮಾನ್ಯ ಕ್ರೋಶಿಯಾ ಹೆಣಿಗೆಯಲ್ಲಿ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುತ್ತದೆ. ಇದರಲ್ಲಿ ಹೋಗುವಾಗ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಏರಿ ಕೂಡಬೇಕು. ಬರುವಾಗ ಎರಡೆರಡರ ಒಳಗಿಂದ ನೂಲೆಳೆಯುತ್ತ ಇಳಿಸಬೇಕು. ಹೋಗಿ ಬಂದರೆ ಒಂದು ಸಾಲು. ಬಟ್ಟೆಯನ್ನು ತಿರುಗಿಸುವುದಿಲ್ಲ, ಹೆಣೆಯುವವಳ ಕಡೆಗೆ ಯಾವಾಗಲೂ ಅದರ ಮೋರೆಯೇ.

"ಹೋಗುವಾಗ ಎಲ್ಲಾರನ್ನೂ ಕರ್ಕೊಂಡು ಹೋಗು," ಎಂದಳು ಅಮೀರುನ್ನಿಸಾ. "ಬರುವಾಗ ಇಬ್ಬಿಬ್ಬರನ್ನ ಕೈ ಹಿಡಿಸಿ ಮನಿಗಿ ಕಳಸು. ಕಡೀಕ ನೀ ಒಬ್ಬಾಕಿ ಉಳೀತಿ. ಮತ್ತ ಹೊರಡು."

ಎದುರಿಗೆ ನಿಂತ ಎಳೆಯ ಹಿಂದೆ ಕೊಕ್ಕೆ ತೂರಿಸಿ ನೂಲೆಳೆಯುವುದು ಸೀದಾ ಹೆಣಿಗೆ. ಕಸ್ತೂರಿಗೆ ಅದು ಒಂದೇ ದಿನಕ್ಕೆ ಬಂತು. ಗೇಣುದ್ದ ಹೆಣೆದು ಮನೆಗೆ ಒಯ್ದಳು. ನೆಲದ ಮೇಲೆ ಇಟ್ಟರೆ ಅದು ಕೆಳಗಿನಿಂದ ಸುತ್ತಿಕೊಂಡು ಕೊಳವೆಯಾಯಿತು.

"ಇದೇನ ಬೇ, ಹಪ್ಪಳ ಸುಟ್ಟಂಗ ಮುದುಡ್ಕೊಂಡದ?" ಎಂದಳು ಸುಭದ್ರಾಬಾಯಿ. "ನನ್ನ ಮಗಗ ಎದಿ ಮುಚ್ಚೋದು ಬೇಕು. ಇದು ರೊಟ್ಟಿ ಲಟ್ಟಸೋ ಕೋಲಿಗಿ ಕುಪ್ಪಸ ಆಗ್ತದ."

ಮರುದಿನ ಅಮೀರುನ್ನಿಸಾ ಅದನ್ನು ಬಿಚ್ಚಿಸಿದಳು. ಸೀದಾ ಹೆಣಿಗೆಯ ಗುಣವೇ ಅದು. ಮುದುಡದ ಹಾಗೆ ಮಾಡಬೇಕಾದರೆ ಒಂದು ಸೀದಾ, ಒಂದು ಉಲ್ಟಾ ಹಾಕಬೇಕು. ಉಲ್ಟಾ ಹಾಕುವಾಗ ನೂಲನ್ನು ಮೊದಲು ಬಟ್ಟೆಯ ಮುಂದಕ್ಕೆ ತಂದು, ಬೆರಳಿನಿಂದ ಒತ್ತಿ ಹಿಡಿದು, ಆಮೇಲೆ ಕೊಕ್ಕೆ ತೂರಿಸಬೇಕು. ಆಗ ನೂಲು ಮುಂದೆ ಅಡ್ಡಬಂದು ಸಣ್ಣಗೆ ಉಬ್ಬುತ್ತದೆ. ಮುಂದಿನ ಸಾಲಿನಲ್ಲಿ ಸೀದಾದ ಮೇಲೆ ಉಲ್ಟಾ, ಉಲ್ಟಾದ ಮೇಲೆ ಸೀದಾ. ಹಾಗೆ ನಾಲ್ಕು ಸಾಲು ಹೋದರೆ ಉಬ್ಬುಗಳು ಓರೆಯಾಗಿ ಕೂಡಿ ಜೋಳದ ತೆನೆಯ ಕಾಳಿನಂತೆ ಕಟ್ಟುತ್ತವೆ. ಮೇಮ್ ಅದಕ್ಕೆ ಜೇನುಹುಟ್ಟು ಎನ್ನುತ್ತಿದ್ದಳಂತೆ. ಸುಭದ್ರಾಬಾಯಿ ಅದನ್ನು ಕಾಳು ಹೆಣಿಗೆ ಎಂದಳು. ಮನೆಯಲ್ಲಿ ಅದೇ ಹೆಸರು ನಿಂತಿತು.

ಕಾಳು ಹೆಣಿಗೆ ಮುದುಡಲಿಲ್ಲ. ಕೈಯಿಟ್ಟರೆ ಕಾಳಿನ ನಡುವಿನ ಕುಳಿಗಳಲ್ಲಿ ಬಿಸಿ ನಿಲ್ಲುತ್ತಿತ್ತು. ಕಸ್ತೂರಿ ಗಂಡನ ಹಳೆಯ ಅಂಗಿಯನ್ನು ಅಳತೆಗೆ ಇಟ್ಟುಕೊಂಡು ಐವತ್ತಾರು ಕುಣಿಕೆ ಹಾಕಿದಳು. ಮುಂದಿನ ಪಟ್ಟಿ ಮೇಲೇರಿ, ಕುತ್ತಿಗೆಗೆ ದಾರಿ ಬಿಟ್ಟು, ಹಿಂದಿನ ಪಟ್ಟಿಯಾಗಿ ಇಳಿಯಬೇಕು. ಪಕ್ಕಗಳನ್ನು ಕೊಕ್ಕೆಯಿಂದಲೇ ಕೂಡಿಸಬೇಕು. ತೋಳಿಲ್ಲ. ಮುಲಾಖತ್ತಿಗೆ ಇಪ್ಪತ್ತೊಂದು ದಿನ ಇತ್ತು.

ಒಂಬತ್ತನೆಯ ದಿನ ಅಮೀರುನ್ನಿಸಾ ಬಟ್ಟೆಯನ್ನು ಎತ್ತಿ ಹಿಡಿದು ನೋಡಿದಳು. ಒಂದು ಅಂಚು ನೆಟ್ಟಗಿತ್ತು. ಇನ್ನೊಂದು ಅಂಚು ಗುಡಿಯ ಗೋಪುರದ ಹಾಗೆ ಒಳಕ್ಕೆ ಏರಿತ್ತು.

"ಇದೇನು ಕಸ್ತೂರಿ, ಅಂಗಿ ಮಾಡಾಕತ್ತೀಯೋ ಟೊಪ್ಪಿಗಿ ಮಾಡಾಕತ್ತೀಯೋ?"

ಎಣಿಸಿದರು. ಐವತ್ತಾರು ಇದ್ದದ್ದು ಮೂವತ್ತನಾಲ್ಕು ಆಗಿತ್ತು. ಇಪ್ಪತ್ತೆರಡು ಸಾಲಿಗೆ ಇಪ್ಪತ್ತೆರಡು ಕಡಿಮೆ. ಅಮೀರುನ್ನಿಸಾ ಅವಳ ಕೈಗೆ ಕಡ್ಡಿ ಕೊಟ್ಟು, ನನ್ನ ಎದುರಿಗೇ ಒಂದು ಸಾಲು ಹಾಕು ಎಂದಳು. ಕಸ್ತೂರಿ ಹಾಕಿದಳು. ಸಾಲಿನ ತುದಿಗೆ ಬಂದು, ಅಂಚಿನ ಕಡೆಯ ಎಳೆಯನ್ನು ಎತ್ತದೆ, ಅಲ್ಲೇ ತಿರುಗಿದಳು.

"ಅದನ್ಯಾಕ ಬಿಟ್ಟಿ?"

ಕಸ್ತೂರಿ ನೋಡಿದಳು. ಬಿಟ್ಟದ್ದು ಅವಳಿಗೆ ಗೊತ್ತೇ ಇರಲಿಲ್ಲ. ತನ್ನ ಬೆರಳನ್ನೇ ನೋಡಿಕೊಂಡು, ನಾಚಿ ಹೇಳಿದಳು: "ಕಡೀದು ತೆಗೀಬಾರದಲ್ರಿ ಆಪಾ."

ಅಫಜಲಪುರದ ಹತ್ತಿರ ಅತನೂರು ಅವಳ ತವರು. ಅಲ್ಲಿ ನೆಲದೊಳಗಿನ ಹಗೆಯಿಂದ ಜೋಳ ತೆಗೆಯುವಾಗ ತಳದ ಹಿಡಿ ಕಾಳನ್ನು ಬಿಡಬೇಕು. ರೊಟ್ಟಿಯ ಬುಟ್ಟಿಯಲ್ಲಿ ಕಡೆಯ ರೊಟ್ಟಿ ಉಳಿಸಬೇಕು. ಹೊಲ ಕೊಯ್ಯುವಾಗ ಬದುವಿನ ಕೊನೆಯ ದಂಟನ್ನು ನಿಲ್ಲಿಸಿ ಬರಬೇಕು. ಬರಿದು ಮಾಡಿದರೆ ಮನೆ ಬರಿದೇ ಉಳಿಯುತ್ತದೆ. ನಾಲ್ಕು ವರ್ಷದವಳಿದ್ದಾಗ ಬುಟ್ಟಿ ಬರಿದು ಮಾಡಿದ್ದಕ್ಕೆ ಅಜ್ಜಿ ಬೆರಳ ಮೇಲೆ ಹೊಡೆದಿದ್ದಳು. ಆ ಬೆರಳುಗಳು ಯಾವ ಸಾಲಿನ ತುದಿಗೆ ಬಂದರೂ ತಾವಾಗಿಯೇ ನಿಲ್ಲುತ್ತಿದ್ದವು.

ಅಮೀರುನ್ನಿಸಾ ನಗಲು ಹೊರಟವಳು ನಗಲಿಲ್ಲ. "ನಿಮ್ಮ ಮನಿ ಬುಟ್ಟಿ ಮಾತು ನನಗ ಗೊತ್ತಿಲ್ಲ ಬೇ. ಇಲ್ಲಿ ಕಡೀದು ಬಿಟ್ರ ನಿನ್ನ ಗಂಡನ ಎದಿ ಸಾಲಿಗೊಂದು ಬೆರಳು ಬಯಲಾಗ್ತದ. ಎಳೀ."

ಕಸ್ತೂರಿ ನೂಲಿನ ತುದಿ ಹಿಡಿದು ಎಳೆದಳು. ಇಪ್ಪತ್ತೆರಡು ಸಾಲು ಎಲೆಯಡಿಕೆ ಹಾಕುವಷ್ಟು ಹೊತ್ತಿನಲ್ಲಿ ಬಿಚ್ಚಿ ಹೋಯಿತು. ಹನ್ನೆರಡು ದಿನ ಉಳಿದಿದ್ದವು. ಆಮೇಲೆ ಪ್ರತಿ ಸಾಲಿನ ತುದಿಗೂ ಅವಳು ಬಾಯಿ ಬಿಟ್ಟು "ಕಡೀದು" ಎಂದು ಹೇಳಿಕೊಂಡು ಆ ಎಳೆಯನ್ನು ಎತ್ತುತ್ತಿದ್ದಳು. ಎತ್ತಿದ ಮೇಲೆ ಅಜ್ಜಿ ಹೊಡೆದ ಬೆರಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಸುಭದ್ರಾಬಾಯಿ ಅಡಿಗೆ, ನೀರು, ದನ ಎಲ್ಲ ತಾನೇ ನೋಡಿಕೊಂಡಳು. ಸೊಸೆಯ ಬಾಯಿಗೆ ರೊಟ್ಟಿ ಮುರಿದು ಇಟ್ಟದ್ದೂ ಉಂಟು.

ಅಂಗಿ ಮುಗಿಯಿತು. ಎಳ್ಳು ಅಮಾವಾಸ್ಯೆಗೆ ಇನ್ನೂ ಎಂಟು ದಿನ ಇತ್ತು.

ಮುಲಾಖತ್ತಿಗೆ ಒಬ್ಬರನ್ನೇ ಬಿಡುತ್ತಿದ್ದರು. ಸುಭದ್ರಾಬಾಯಿಯ ಮೊಣಕಾಲು ಬಾತಿತ್ತು, ಮೋಟಾರು ಹತ್ತಲಾರಳು. ಕಸ್ತೂರಿ ಹೋದಳು. ಅದೇ ಜಮಾದಾರ ಅಂಗಿಯನ್ನು ಬಿಸಿಲಿಗೆ ಹಿಡಿದ. ಕಾಳಿನ ನಡುವೆ ಬೆಳಕು ತೂರಿ ಬಂತು. ಹಿಂಡಿ ನೋಡಿದ, ಅಂಚು ತಡವಿದ. ಚಾಕು ತೆಗೆಯಲಿಲ್ಲ.

"ಛಲೋ ಅದ," ಎಂದ. "ಯಾರು ಹೆಣದಾರ?"

"ನಾನೇ ರಿ."

"ಸಂಜಿಕಿ ಕೊಡ್ತೇವಿ ಅವರಿಗಿ. ಹೋಗ್ರಿ, ಭೆಟ್ಟಿಯಾಗ್ರಿ."

ಕಬ್ಬಿಣದ ಜಾಳಿಗೆಯ ಆಚೆ ಜಗದೇವಪ್ಪ ನಿಂತಿದ್ದ. ಧೋತರವನ್ನು ಸೊಂಟಕ್ಕೆ ಎರಡು ಸುತ್ತು ಹೆಚ್ಚಿಗೆ ಸುತ್ತಿ ಕಟ್ಟಿದ್ದ. ಕುತ್ತಿಗೆಯ ಬುಡದ ಎಲುಬುಗಳು ಎದ್ದು ನಡುವೆ ಕುಳಿ ಬಿದ್ದಿದ್ದವು. ಮಾತಾಡಲು ಬಾಯಿ ತೆರೆದರೆ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಭೆಟ್ಟಿಯ ಹೊತ್ತು ಮುಗಿದಿತ್ತು.

"ಅಂಗಿ ತಂದೇನಿ. ಸಂಜಿಕಿ ಕೊಡ್ತಾರಂತ. ಹಾಕ್ಕೋರಿ," ಎಂದಳು.

ಅವನು ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಸುಭದ್ರಾಬಾಯಿ ಬಾಗಿಲಲ್ಲೇ ಕೂತಿದ್ದಳು. "ಹ್ಯಾಂಗಿದ್ದಾನ?"

"ಅರಾಮ ಅದಾರ್ರಿ ಅತ್ತಿ."

"ಉಣ್ಣಾಕ ಕೊಡ್ತಾರಂತೇನು?"

"ಕೊಡ್ತಾರಂತ."

ಮುಂದಿನ ತಿಂಗಳು ಮುಲಾಖತ್ ಬಂದ್ ಎಂದು ಬಾಗಿಲಿಂದಲೇ ಕಳಿಸಿದರು. ಅಂಗಿ ಅವನಿಗೆ ಮುಟ್ಟಿತೇ ಎಂದು ಕಸ್ತೂರಿ ಕೇಳಿದಳು. ಆ ದಿನದ ಪಹರೆಯವನು ಹೊಸಬ, ಅವನಿಗೆ ಗೊತ್ತಿರಲಿಲ್ಲ. ಶಿವರಾತ್ರಿಯಾದ ನಾಲ್ಕನೆಯ ದಿನ ಉರ್ದುವಿನಲ್ಲಿ ಒಂದು ಕಾಗದ ಬಂತು. ಜಹೀರುದ್ದೀನ ಮಾಸ್ತರರು ಓದಿದರು. ಒಮ್ಮೆ ಮನಸ್ಸಿನಲ್ಲೇ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಾಯಿ ಬಿಟ್ಟು ಓದಿದರು. ಎದೆಯ ಜ್ವರದಿಂದ ತೀರಿಕೊಂಡ ಎಂದು ಬರೆದಿತ್ತು. ಮಣ್ಣು ಕೊಟ್ಟಾಗಿತ್ತು.

ಕಸ್ತೂರಿಗೆ ಇಪ್ಪತ್ಮೂರು ವರ್ಷ. ಹನ್ನೆರಡನೆಯ ದಿನ ಅತ್ತೆಗೆ ಹೇಳಿದ್ದು ಒಂದೇ ಮಾತು: "ಅಂಗಿ ಹಾಕ್ಕೊಂಡಿದ್ರೋ ಇಲ್ಲೋ."

"ಹಾಕ್ಕೊಂಡಿರ್ತಾನ," ಎಂದಳು ಸುಭದ್ರಾಬಾಯಿ. "ಥಂಡಿಗಿ ಕೊಟ್ಟಿದ್ದನ್ನ ಯಾರು ಬಿಡ್ತಾರ?"

ಆದರೂ ಆಕೆಗೂ ಅದೇ ಚಿಂತೆ. ಹಿಟ್ಟು ನಾದುತ್ತ, ದನ ಕಟ್ಟುತ್ತ, ಇದ್ದಕ್ಕಿದ್ದ ಹಾಗೆ ನಿಂತು, "ಜಮಾದಾರ ಸಂಜಿಕಿ ಕೊಡ್ತೇನಿ ಅಂದಿದ್ದನಲ್ಲ?" ಎಂದು ಕೇಳುತ್ತಿದ್ದಳು. ಹೌದು ಎಂದರೆ ಕೆಲಸ ಮುಂದುವರಿಸುತ್ತಿದ್ದಳು. ಹೇಗೆ ಸತ್ತನೆಂದು ಇಬ್ಬರೂ ಕೇಳಲಿಲ್ಲ. ಅವನು ಬೆಚ್ಚಗಿದ್ದನೇ ಎಂಬುದೊಂದೇ ಆ ಮನೆಯಲ್ಲಿ ಉಳಿದ ಪ್ರಶ್ನೆ.

ಮಳೆಗಾಲದ ಕೊನೆಗೆ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮರ ಆಳಿಕೆ ಮುಗಿಯಿತು. ಕಚೇರಿಯ ಮೇಲೆ ಮೂರು ಬಣ್ಣದ ಬಾವುಟ ಏರಿತು. ಅದೇ ವಾರ ಒಂದು ಮಧ್ಯಾಹ್ನ ನಾಲ್ಕು ಜನ ಬಂದು ಜಹೀರುದ್ದೀನ ಮಾಸ್ತರರನ್ನು ಮನೆಯಿಂದ ಕರೆದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಕರೆದೊಯ್ದವರು ಯಾರೆಂದು ಓಣಿಗೆಲ್ಲ ಗೊತ್ತಿತ್ತು. ಯಾರೂ ಹೆಸರು ಎತ್ತಲಿಲ್ಲ.

ದಸರೆಯಾದ ಮೇಲೆ ಕಚೇರಿಯ ಜವಾನ ಒಂದು ಗಂಟು ತಂದು ಕೊಟ್ಟ. ಜೈಲಿನಲ್ಲಿ ಉಳಿದ ಸಾಮಾನು. ಒಂದು ಧೋತರ, ಒಂದು ಹೆಗಲ ವಲ್ಲಿ, ಹಿತ್ತಾಳೆಯ ಲೋಟ, ಮತ್ತು ಅಂಗಿ.

ಸುಭದ್ರಾಬಾಯಿ ಅಂಗಿಯನ್ನು ಕಿತ್ತುಕೊಂಡು ಬೆಳಕಿಗೆ ಹೋದಳು. ಬೆನ್ನ ಮೇಲೆ ಕಾಳುಗಳು ಉಜ್ಜಿ ಉಜ್ಜಿ ಚಪ್ಪಟೆಯಾಗಿದ್ದವು. ಕುತ್ತಿಗೆಯ ಸುತ್ತ ಎಣ್ಣೆಯ ಕಪ್ಪು.

"ನೋಡು! ನೋಡಲ್ಲಿ!" ಮುದುಕಿಯ ದನಿ ಏರಿತು. "ಹಾಕ್ಕೊಂಡಾನ! ದಿನಾ ಹಾಕ್ಕೊಂಡಾನ, ಕಾಳು ಹ್ಯಾಂಗ ಸವದಾವ ನೋಡು! ನಾ ಹೇಳಲಿಲ್ಲೇನು ನಿನಗ?" ಅಂಗಿಯನ್ನು ಮೋರೆಗೆ ಒತ್ತಿಕೊಂಡಳು. ತಟ್ಟನೆ ಸೀನಿದಳು. "ನಶ್ಯದ ವಾಸನಿ ಬರ್ತದ. ಹುಚ್ಚ, ಜೈಲಿಗಿ ಹೋಗಿ ನಶ್ಯ ಏರಸೋದು ಕಲ್ತಾನ." ಮಗ ಸತ್ತ ಮೇಲೆ ಮೊದಲ ಸಲ ಆಕೆ ನಕ್ಕಳು.

ಕಸ್ತೂರಿ ಅಂಗಿಯನ್ನು ನೆಲಕ್ಕೆ ಹಾಸಿದಳು. ಎದೆಯ ಭಾಗದಲ್ಲಿ ಕಾಳು ಹತ್ತಿರ ಹತ್ತಿರ ಇದ್ದವು. ಕೆಳಗೆ ಹೊಟ್ಟೆಯ ಮೇಲೆ ಬರುವ ಹತ್ತು ಹನ್ನೆರಡು ಸಾಲುಗಳು ಅಗಲಕ್ಕೆ ಜಗ್ಗಿ, ಕಾಳುಗಳ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಕೈಯಿಂದ ಒತ್ತಿ ಕೂಡಿಸಿದಳು. ಬಿಟ್ಟರೆ ಮತ್ತೆ ಹಿಗ್ಗಿತು. ಇಂಥ ನೂಲು ಒಂದೆರಡು ದಿನಕ್ಕೆ ಹೀಗೆ ಸೋಲುವುದಿಲ್ಲ. ಜಾಳಿಗೆಯ ಆಚೆ ಧೋತರಕ್ಕೆ ಎರಡು ಸುತ್ತು ಹೆಚ್ಚಿಗೆ ಹಾಕಿ ನಿಂತಿದ್ದವನಿಗೆ ಹೊಟ್ಟೆ ಇರಲಿಲ್ಲ.

ಮರುದಿನ, ದುರಸ್ತಿ ಮಾಡಿಸಿಕೊಂಡು ಬರುತ್ತೇನೆಂದು ಹೇಳಿ, ಅಂಗಿಯನ್ನು ಅಮೀರುನ್ನಿಸಾಳ ಮನೆಗೆ ಒಯ್ದಳು. ತಾನು ತಪ್ಪು ಓದಿದ್ದೇನೆ ಎಂದು ಆಪಾ ಹೇಳಬೇಕಾಗಿತ್ತು. ಅಷ್ಟೇ ಅವಳಿಗೆ ಬೇಕಾದದ್ದು.

ಅಮೀರುನ್ನಿಸಾ ಗೋಡೆಗೆ ಒರಗಿ ಕೂತಿದ್ದಳು. ಅವಳ ಕೈಯಲ್ಲೂ ಬಳೆ ಇರಲಿಲ್ಲ. ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಬುಡದ ಸಾಲನ್ನು ಎಣಿಸಿದಳು. "ಐವತ್ತಾರು. ನಿಂದೇ ಅಂಗಿ." ಆಮೇಲೆ ಅವಳ ಬೆರಳುಗಳು ಮೇಲಕ್ಕೆ ಸರಿದವು. ಹೊಟ್ಟೆಯ ಸಾಲುಗಳ ಮೇಲೆ ನಿಂತವು. ಅಲ್ಲೇ ಬಹಳ ಹೊತ್ತು ಇದ್ದವು.

"ನಿಮ್ಮವರು ತೆಳ್ಳಗಿದ್ದರಲ್ಲ," ಎಂದಳು.

"ಹೌದ್ರಿ."

ಅಮೀರುನ್ನಿಸಾ ಕೈ ತೆಗೆದಳು.

"ಮೊದಲ ನಾಕು ದಿನ ಆದ್ರೂ ಅವರೇ ಹಾಕ್ಕೊಂಡಿರಬಹುದಲ್ರಿ ಆಪಾ? ಆಮ್ಯಾಲ ಯಾರರೆ ಕಸಗೊಂಡಿರಬಹುದು."

"ಇರಬಹುದು."

"ಹೆಣಿಗಿ ಒಳಗ ಅದು ಗೊತ್ತಾಗ್ತದೇನ್ರಿ?"

"ಇಲ್ಲ ಬೇ. ಕಡೀಗಿ ಯಾರು ಹಾಕ್ಕೊಂಡ್ರೋ ಅವರದೇ ಉಳೀತದ."

ಹೊರಗೆ ಯಾರೋ ಹಾದುಹೋದರು. ಅಮೀರುನ್ನಿಸಾ ಬಾಗಿಲ ಕಡೆ ತಲೆ ಎತ್ತಿದಳು. ಹೆಜ್ಜೆ ಮುಂದೆ ಹೋಯಿತು. ತಲೆ ತಗ್ಗಿಸಿ ಕೇಳಿದಳು: "ಬಿಚ್ಚಿ ಬಿಡ್ಲೇನು? ನೂಲು ಗಟ್ಟಿ ಅದ. ಬ್ಯಾರೆ ಏನರೆ ಮಾಡ್ಕೊ."

"ಅತ್ತಿ ಕೇಳ್ತಾರ್ರಿ."

"ಹಂಗಾರ ಒಯ್ಯಿ. ಆಕಿಗಿ ಹೇಳಬ್ಯಾಡ." ಅಂಗಿಯನ್ನು ಮಡಚಿ ಕೊಡುತ್ತ, "ನನಗೂ ಯಾರೂ ಏನೂ ಹೇಳಂಗಿಲ್ಲ," ಎಂದಳು. ಅದನ್ನು ದೂರಿನಂತೆ ಹೇಳಲಿಲ್ಲ.

ಪುಷ್ಯದ ಚಳಿ ಬಿತ್ತು. ಸುಭದ್ರಾಬಾಯಿ ಬೆಳಗಿನ ಜಾವ ಬೀಸುವಾಗ ಮಗನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಳ್ಳತೊಡಗಿದಳು. ಒಣಗಿದ ಮೈ. ಅಂಗಿಯ ಹೊಟ್ಟೆ ಆಕೆಯ ಮುಂದೆ ಖಾಲಿ ಚೀಲದಂತೆ ಜೋಲುತ್ತಿತ್ತು. ಬೀಸುಕಲ್ಲು ತಿರುಗಿದ ಹಾಗೆ ಅದೂ ಆ ಕಡೆ ಈ ಕಡೆ ತೂಗುತ್ತಿತ್ತು. ಸುತ್ತು ಸುತ್ತಿಗೂ ಕಸ್ತೂರಿ ಅದನ್ನು ನೋಡಬೇಕಾಗುತ್ತಿತ್ತು.

ಒಂದು ದಿನ ತಡೆಯಲಾಗದೆ ಕಡ್ಡಿ ಕೇಳಿ ತಂದಳು. "ತೆಗೆದು ಕೊಡ್ರಿ ಅತ್ತಿ. ಕೆಳಗಿನ ಹತ್ತು ಸಾಲು ಬಿಚ್ಚಿ ಬಿಗಿ ಮಾಡಿ ಕೊಡ್ತೇನಿ. ಗಾಳಿ ಹೋಗ್ತದ ಒಳಗ."

"ಮುಟ್ಟಬ್ಯಾಡ!"

ಸುಭದ್ರಾಬಾಯಿ ಎರಡೂ ಕೈಯಿಂದ ಅಂಗಿಯ ಜೋಲುವ ಭಾಗವನ್ನು ಹಿಡಿದುಕೊಂಡಳು. ಹಿಟ್ಟಿನ ಕೈ ಕರಿ ನೂಲಿನ ಮೇಲೆ ಬೆಳ್ಳಗೆ ಮೂಡಿತು.

"ಅದು ಅವನ ಮೈ ಅಳತಿ. ನೋಡು ಇಲ್ಲಿ, ಹೊಟ್ಟಿ ಬಂದಿತ್ತು ನನ್ನ ಮಗಗ. ಹುಟ್ಟಿ ಇಪ್ಪತ್ತೆಂಟು ವರ್ಷ ತುಪ್ಪ ಹಾಕಿ ಹಾಕಿ ಸಾಕಾಯ್ತು, ನನ್ನ ಕೈಲೆ ಬರಲಿಲ್ಲ ಅದು. ಹೊಟ್ಟಿತುಂಬ ಉಂಡಾನ ಅಂವ ಅಲ್ಲಿ."

ಕಸ್ತೂರಿ ಕಡ್ಡಿಯನ್ನು ಕೆಳಗಿಟ್ಟಳು. ಬೀಸುಕಲ್ಲಿನ ಎದುರಿಗೆ ಕೂತು, ಅತ್ತೆಯ ಜೊತೆ ಗೂಟ ಹಿಡಿದಳು.